ತಿರುಗುತ್ತಲೇ ನಿಂತಿದ್ದ ರೋಲು

ವೇಗ ತೋರಿಸುವ ಮುಳ್ಳು ಸೊನ್ನೆಯ ಮೇಲೆಯೇ ಮಲಗಿದೆ, ಬಸ್ಸು ಓಡುತ್ತಿದೆ, ರಸ್ತೆಬದಿಯ ಜಾಲಿಗಿಡಗಳು ಒಂದರ ಬೆನ್ನಿಗೊಂದು ಹಿಂದೆ ಬೀಳುತ್ತಿವೆ, ಮುಂದಿನ ಗಾಜಿಗೆ ಕಟ್ಟಿದ ಚೆಂಡುಹೂವಿನ ಸರ ಗಾಳಿಗೆ ಅಡ್ಡಡ್ಡ ಹಾರುತ್ತಿದೆ, ಆದರೂ ಮುಳ್ಳು ಸೊನ್ನೆಯ ಮೇಲೆಯೇ — ನಾಗರತ್ನಾ ಅದನ್ನು ಎಷ್ಟೊತ್ತಿನಿಂದ ನೋಡುತ್ತಿದ್ದಳೋ ಅವಳಿಗೇ ತಿಳಿಯದು, ಬೆಳ್ಳಟ್ಟಿಯಿಂದಲೇ ತುಂಬಿಕೊಂಡು ಬಂದಿದ್ದ ಬಸ್ಸು, ಶಿರಹಟ್ಟಿಯಲ್ಲಿ ಹತ್ತಿದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ, ಡ್ರೈವರನ ಪಕ್ಕ ಇಂಜಿನ್ನಿನ ಮುಚ್ಚಳದ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ, ಅದರ ಮೇಲೆ ರೊಟ್ಟಿಯ ಗಂಟು, ಕೆಳಗಿನಿಂದ ಏರುವ ಕಾವಿಗೆ ಗಂಟಿನೊಳಗಿನ ಶೇಂಗಾ ಚಟ್ನಿಯ ವಾಸನೆ ಮೂಗಿಗೆ ಬರುತ್ತಿದೆ, ಹೊತ್ತು ಹೋಗಲೆಂದು ಕೇಳಿದಳು, ಏನ್ರಿ ಅಣ್ಣಾರ, ಗಾಡಿ ಇಷ್ಟ ಜೋರ ಹೊಂಟೈತಿ, ಮುಳ್ಳು ಯಾಕ ಏಳವಲ್ದು, ಡ್ರೈವರ್ ರಸ್ತೆಯಿಂದ ಕಣ್ಣು ತೆಗೆಯದೆಯೇ ನಕ್ಕ, ಅದು ಸತ್ತು ವರ್ಷಾತ್ರಿ ಅಕ್ಕಾರ, ಮುಳ್ಳು ಸತ್ತರ ಬಸ್ಸೇನ್ ನಿಂತತೇನ್ರಿ. ಅವಳೂ ನಕ್ಕಳು. ನಕ್ಕ ಮೇಲೆ ಆ ಮಾತು ಹೋಗಲಿಲ್ಲ, ಗಂಟಲಿನಿಂದ ಇಳಿದು ಎದೆಯ ಕೆಳಗೆ ಎಲ್ಲೋ ಕೂತಿತು, ಉಗುಳಲೂ ಬಾರದ ನುಂಗಲೂ ಬಾರದ ಮೀನಿನ ಮುಳ್ಳಿನಂತೆ, ಎಡಕ್ಕೆ ದೂರದಲ್ಲಿ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ಸಾವಕಾಶ ತಿರುಗುತ್ತಿವೆ, ಇಲ್ಲಿಂದ ನೋಡಿದರೆ ಸಾವಕಾಶ, ಹತ್ತಿರ ಹೋದವರಿಗೆ ಗೊತ್ತು ಅದರ ತುದಿ ಎಂಥ ವೇಗದಲ್ಲಿ ಗಾಳಿಯನ್ನು ಸೀಳುತ್ತದೆಂದು — ನಿನ್ನೆ ಮಧ್ಯಾಹ್ನ ಕಾರ್ಖಾನೆಯಲ್ಲಿ ಯಂತ್ರದ ಪರದೆಯ ಮೇಲೆ ಸೊನ್ನೆ ಬಂದಿತ್ತು. ಒಂದೇ ಒಂದು ಕ್ಷಣ, ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋಗಿತ್ತು, ಅವಳೇ ನೋಡಿದ್ದಳು, ಅಕ್ಕಾರ ಈಗ ಸೊನ್ನೆ ಬಂದಿತ್ತಲ್ರಿ ಎಂದು ಯಂತ್ರ ನಡೆಸುವ ತಸ್ಲೀಮಳೂ ಅಂದಿದ್ದಳು, ವೈರ್‌ನಾಗ ಏನೋ ಗದ್ದಲ ಐತಿ ಬಿಡು ಎಂದು ತಾನು ಉತ್ತರ ಕೊಟ್ಟಿದ್ದಳು, ಮೋಟರಿನ ದಪ್ಪ ವೈರಿಗೆ ತಾಕಿಕೊಂಡಿದ್ದ ಸಣ್ಣ ವೈರನ್ನು ಬೇರೆ ಮಾಡಿ ಬಿಗಿಯಾಗಿ ಕಟ್ಟಿ ಕೈ ತೊಳೆದುಕೊಂಡಿದ್ದಳು.

ಗದ್ದಲವೇ ಇರಬೇಕು, ಇನ್ನೇನಿದ್ದೀತು, ಬೆಟಗೇರಿಯಾಚೆಯ ಆ ಕಾರ್ಖಾನೆಯಲ್ಲಿ ಕರೆಂಟು ಅಂದರೆ ಅಷ್ಟೇ, ಒಂದು ಕಡೆ ವೆಲ್ಡಿಂಗ್ ಹಚ್ಚಿದರೆ ಇನ್ನೊಂದು ಕಡೆ ದೀಪ ಮಿಣುಕುತ್ತದೆ, ಸಿದ್ದರಾಮಣ್ಣ ಮೆಣಸಿನಕಾಯಿ ವ್ಯಾಪಾರ ಬಿಟ್ಟು ಟೇಪಿನ ಕಾರ್ಖಾನೆ ಹಾಕಿದಾಗ ಊರವರೆಲ್ಲ ನಕ್ಕಿದ್ದರಂತೆ, ಡಬ್ಬಿಗೆ ಅಂಟಿಸೋ ಟೇಪ್ ಮಾರಿ ಯಾರರ ಉದ್ಧಾರ ಆಗ್ಯಾರೇನು ಅಂತ, ಈಗ ಹುಬ್ಬಳ್ಳಿಯ ಖರೀದಿದಾರರು ತಾವಾಗಿ ಕಾರು ಮಾಡಿಕೊಂಡು ನೋಡಲು ಬರುತ್ತಿದ್ದಾರೆ, ಇವತ್ತೇ, ಈ ಹೊತ್ತಿಗೇ, ಹೊಸ ಯಂತ್ರ ಪೂರ್ಣ ವೇಗದಲ್ಲಿ ಓಡುವುದನ್ನು ನೋಡಲು, ಮತ್ತು ಆ ಯಂತ್ರಕ್ಕೆ ಬುದ್ಧಿ ಬರೆದವಳು ಅವಳು. ಕಬ್ಬಿಣ ಬೇರೆ ಯಾರದೋ, ಮೋಟರು ಬೇರೆ ಯಾರದೋ, ಯಾವಾಗ ಓಡಬೇಕು ಯಾವಾಗ ತಡೆಯಬೇಕು ಎಷ್ಟು ಜಗ್ಗಬೇಕು ಎಷ್ಟು ಬಿಡಬೇಕು ಎಂಬುದೆಲ್ಲ ಅವಳದು, ದೊಡ್ಡ ರೋಲಿನಿಂದ ಬಿಚ್ಚಿಕೊಳ್ಳುವ ಟೇಪು ಒಂದು ತೂಗುವ ದಂಡದ ಮೇಲೆ ಹಾದು ಈಚೆಯ ರೋಲಿಗೆ ಸುತ್ತಿಕೊಳ್ಳುತ್ತದೆ, ತಸ್ಲೀಮ ಆ ದಂಡಕ್ಕೆ ಜೋಕಾಲಿ ಅಂತಾಳೆ, ಟೇಪು ಸಡಿಲಾದರೆ ಜೋಕಾಲಿ ಇಳಿಯುತ್ತದೆ, ಬಿಗಿಯಾದರೆ ಏರುತ್ತದೆ, ರೋಲು ದಪ್ಪವಾದಂತೆಲ್ಲ ಮೋಟರು ತಾನಾಗಿ ನಿಧಾನಿಸಬೇಕು, ಇಲ್ಲದಿದ್ದರೆ ಜೋಕಾಲಿ ಕುಣಿದು ಟೇಪು ಹರಿದು — ಡಂಬಳದ ಕೆರೆಯ ದಂಡೆ, ಅಪ್ಪ ಕಳಕಪ್ಪ ನೆನೆಹಾಕಿದ ಪುಂಡಿನಾರಿನಿಂದ ಹಗ್ಗ ಹೊಸೆಯುತ್ತಿದ್ದಾನೆ, ಇನ್ನೊಂದು ತುದಿ ಅವಳ ಸಣ್ಣ ಕೈಯಲ್ಲಿ, ನಾರಿನ ಕೊಳೆತ ವಾಸನೆ, ಕೈಗೆ ಜುಮ್ಮನೆ ಏರಿ ಬರುವ ಹುರಿ, ಸಡ್ಲ ಬಿಟ್ರ ಗಂಟ ಬೀಳತೈತಿ, ಜಗ್ಗಿದ್ರ ಹರೀತೈತಿ, ಹಗ್ಗ ನೋಡಬ್ಯಾಡ ಮಗಳ, ಕೈಗೆ ಏನ್ ಹೇಳತೈತಿ ಅದನ್ನ ಕೇಳು. ಕಾಲೇಜಿನಲ್ಲಿ ಇದನ್ನೇ ಸೂತ್ರ ಹಾಕಿ ಕಲಿಸಿದಾಗ ಅವಳ ಅಂಗೈ ಜುಮ್ಮೆಂದಿತ್ತು, ಪಕ್ಕದ ಹುಡುಗಿಯರಿಗೆ ಹೇಳಲು ನಾಚಿಕೆಯಾಗಿತ್ತು. ಆದರೆ ಯಂತ್ರಕ್ಕೆ ಕೈ ಇಲ್ಲ. ಯಂತ್ರಕ್ಕೆ ಇರುವುದು ಒಂದು ಸಣ್ಣ ಡಬ್ಬಿ, ಟೇಪು ಹಾಯುವ ಇನ್ನೊಂದು ಉರುಳುವ ದಂಡದ ತುದಿಗೆ ಕೂತು ಅದು ಎಷ್ಟು ಸುತ್ತು ತಿರುಗಿತೆಂದು ಹೇಳುವ ಡಬ್ಬಿ, ದಂಡಕ್ಕೂ ಡಬ್ಬಿಗೂ ನಡುವೆ ಅಕ್ಕಿಕಾಳಿನಷ್ಟು ಒಂದು ತಿರುಪು, ಆ ತಿರುಪು ಹಿಡಿದಿರುವ ತನಕ ಡಬ್ಬಿ ಹೇಳುವುದು ಖರೆ, ತಿರುಪು ಸಡಿಲಾದರೆ — ಮುಳ್ಳು ಸತ್ತರ ಬಸ್ಸೇನ್ ನಿಂತತೇನ್ರಿ.

ಅಲ್ಲಿಗೆ ಅವಳ ಬೆನ್ನು ತಣ್ಣಗಾಯಿತು, ಕೆಳಗೆ ಇಂಜಿನ್ನು ಕುದಿಯುತ್ತಿದ್ದರೂ. ಗದ್ದಲವಾಗಿದ್ದರೆ ಅಂಕಿ ಅತ್ತಿತ್ತ ಹಾರುತ್ತಿತ್ತು, ಹೆಚ್ಚಾಗುತ್ತಿತ್ತು ಕಡಿಮೆಯಾಗುತ್ತಿತ್ತು, ನಿನ್ನೆ ಹಾರಲಿಲ್ಲ, ನೇರವಾಗಿ ಸೊನ್ನೆಗೆ ಬಿತ್ತು, ಸೊನ್ನೆಯಲ್ಲಿ ಕೂತು, ಆಮೇಲೆ ಎದ್ದಿತು, ತಿರುಪು ಒಂದು ಸಲ ಜಾರಿ ಮತ್ತೆ ಕಚ್ಚಿಕೊಂಡರೆ ಹಾಗೇ ಆಗಬೇಕು, ಹಾಗಾದರೆ ವೈರಲ್ಲ, ತಿರುಪು, ತಾನು ವೈರು ಕಟ್ಟಿದಳು, ತಿರುಪು ಹಾಗೇ ಇದೆ, ಇವತ್ತು ನಿನ್ನೆಗಿಂತ ಜೋರಾಗಿ ಓಡುತ್ತದೆ, ಅದುರು ಜಾಸ್ತಿ — ಇರಲಿ, ಇರಲಿ, ಸಾವಕಾಶ ವಿಚಾರ ಮಾಡು ನಾಗರತ್ನಾ, ತಿರುಪು ಜಾರಿತು ಅಂತ ಇಟ್ಟುಕೋ, ಏನಾಗುತ್ತದೆ, ಪರದೆ ಸೊನ್ನೆ ತೋರಿಸುತ್ತದೆ, ಯಂತ್ರ ತಾನು ನಿಂತೆನೆಂದು ತಿಳಿಯುತ್ತದೆ, ಮೋಟರಿಗೆ ಕರೆಂಟು ಬಿಡುವುದು ನಿಲ್ಲಿಸುತ್ತದೆ, ಹಸಿರು ದೀಪ ಹತ್ತುತ್ತದೆ, ಮುಂದಿನ ಗಾಜಿನ ಬಾಗಿಲಿನ ಕೀಲಿ ಕಟಕ್ ಎಂದು ಬಿಡುತ್ತದೆ. ರೋಲು? ರೋಲು ನಿಂತಿರುವುದಿಲ್ಲ. ಅಷ್ಟು ಭಾರದ ರೋಲು ಮೋಟರು ಬಿಟ್ಟ ಕೂಡಲೆ ನಿಲ್ಲುವುದುಂಟೆ, ಹೊಡೆತ ತಿಂದ ಬುಗುರಿಯಂತೆ ತನ್ನಷ್ಟಕ್ಕೆ ತಾನು ತಿರುಗುತ್ತಲೇ ಇರುತ್ತದೆ, ಸದ್ದಿಲ್ಲದೆ, ಮೋಟರಿನ ಸದ್ದೇ ಅಲ್ಲವೇ ಸದ್ದು, ರೋಲಿಗೆ ಎಲ್ಲಿಯ ಸದ್ದು, ಅದಕ್ಕೇ ಅವಳು ಮೊದಲು ಬರೆದಾಗ ಒಂದು ಕಾಯುವಿಕೆ ಇಟ್ಟಿದ್ದಳು, ಸೊನ್ನೆ ಬಂದರೂ ಬಾಗಿಲು ತೆರೆಯಬೇಡ, ಇನ್ನಷ್ಟು ಹೊತ್ತು ಕಾಯಿ, ಯಾರಿಗೆ ಗೊತ್ತು ಎಂದು, ಬರೀ ಯಾರಿಗೆ ಗೊತ್ತು ಎಂಬ ಒಂದು ಅಳುಕಿಗೆ. ನಿನ್ನೆ ಸಂಜೆ ಅದನ್ನು ತೆಗೆದಳು. ಸಿದ್ದರಾಮಣ್ಣ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದ, ಚಹಾ ತರಿಸಿದ್ದ, ಪ್ರತಿ ರೋಲು ಮುಗಿದಾಗಲೂ ಮಂದಿ ಬಾಗಿಲ ಮುಂದ ಕೈಕಟಗೊಂಡು ನಿಂದ್ರೂದು ನೋಡಿದರ ಬಂದವರು ಏನಂತಾರ ತಂಗಿ, ಯಂತ್ರ ನಿಂತ ಮ್ಯಾಲೂ ಬಾಗಲಾ ಬಿಚ್ಚೂದಿಲ್ಲ ಅಂದ್ರ ಅದೆಂಥಾ ಜೋರ ಯಂತ್ರ ಅಂತಾರ, ಆ ಕಾಯೂದೊಂದು ತಗದಬಿಡು ಸದ್ಯಕ್ಕ, ಅವರು ಹೋದ ಮ್ಯಾಲೆ ಮತ್ತ ಹಾಕೀಯಂತ. ಅವಳು ತೆಗೆದಳು. ಸೊನ್ನೆ ಅಂದರೆ ಸೊನ್ನೆ, ನಿಂತದ್ದಕ್ಕೆ ನಿಂತಿದೆ ಅನ್ನಲು ಇನ್ನೆಷ್ಟು ಕಾಯುವುದು ಎಂದು ತನಗೂ ಅನಿಸಿತ್ತು ಆ ಹೊತ್ತಿನಲ್ಲಿ, ಚಹಾ ಬಿಸಿಯಾಗಿತ್ತು, ಏಲಕ್ಕಿ ಹಾಕಿದ್ದರು.

ತಸ್ಲೀಮಳ ಕೈ ನೆನಪಾಯಿತು, ಎಡಗೈ, ಬೆರಳ ತುದಿಗಳಲ್ಲಿ ಮಾಸುತ್ತಿರುವ ಮೆಹಂದಿ, ತಂಗಿಯ ನಿಕಾಹಕ್ಕೆ ಹಚ್ಚಿಕೊಂಡದ್ದು, ಯಂತ್ರದ ಮುಂದೆ ಅವಳಷ್ಟು ಚುರುಕಿನ ಹೆಂಗಸು ಬೆಟಗೇರಿಯಲ್ಲೇ ಇಲ್ಲ, ಹಸಿರು ದೀಪ ಹತ್ತುವುದಕ್ಕೂ ಅವಳ ಕೈ ಬಾಗಿಲಿನ ಹಿಡಿಗೆ ಬೀಳುವುದಕ್ಕೂ ಉಸಿರಿನಷ್ಟು ಅಂತರ, ಬಾಗಿಲು ಸರಿಸಿ ಟೇಪಿನ ತುದಿಯನ್ನು ಉಗುರಿನಿಂದ ಎತ್ತಿ ಹರಿದು — ಉಗುರು, ಟೇಪು, ರೋಲಿನ ಮೇಲೆ ಒತ್ತಿಕೊಂಡು ತಿರುಗುವ ರಬ್ಬರಿನ ದಂಡ, ಎರಡರ ಸಂದಿ. ಫೋನು ತೆಗೆದಳು. ತಸ್ಲೀಮಳಿಗೆ ಹಚ್ಚಿದಳು, ಹೋಗುತ್ತಿದೆ, ಹೋಗುತ್ತಿದೆ, ಯಾರೂ ಎತ್ತುವುದಿಲ್ಲ, ಎತ್ತುವುದಾದರೂ ಹೇಗೆ, ಯಂತ್ರದ ಹತ್ತಿರ ಫೋನು ಒಯ್ಯಬಾರದೆಂದು ತಾನೇ ನಿಯಮ ಮಾಡಿಸಿದ್ದಳು, ಸಿದ್ದರಾಮಣ್ಣನಿಗೆ ಹಚ್ಚಿದಳು, ಒಮ್ಮೆ ಕಡಿದುಹೋಯಿತು, ಇನ್ನೊಮ್ಮೆ ಅವನೇ ಕಡಿದ, ಅತಿಥಿಗಳು ಬಂದಿದ್ದಾರೆ ಅಂತಾಯಿತು, ಅಣ್ಣಾರ ಯಂತ್ರ ಚಾಲೂ ಮಾಡಬ್ಯಾಡ್ರಿ ನಾ ಬರೂತನಾ ಎಂದು ಬರೆದು ಕಳಿಸಿದಳು, ಒಂದೇ ಟಿಕ್ ಬಿತ್ತು, ಮುಟ್ಟಿಲ್ಲ. ಬಸ್ಸು ನಿಂತಿತು. ಮುಂದೆ ರಸ್ತೆಯ ತುಂಬ ಕುರಿಗಳು, ಕಂಬಳಿ ಹೊದ್ದ ಕುರುಬನೊಬ್ಬ ಅತ್ತ ಇತ್ತ ನೋಡದೆ ಹಿಂಡಿನ ನಡುವೆ ನಡೆಯುತ್ತಿದ್ದಾನೆ, ಡ್ರೈವರ್ ಹಾರ್ನ್ ಒತ್ತಿದ, ಕುರಿಗಳು ಒಂದನ್ನೊಂದು ನೂಕಿಕೊಂಡು ಇನ್ನೂ ಒತ್ತೊತ್ತಾದವು, ಅವುಗಳ ಬೆನ್ನ ಮೇಲೆ ನೀಲಿ ಬಣ್ಣದ ಗುರುತು, ಒಂದು ಮರಿ ಮಾತ್ರ ತಿರುಗಿ ಬಸ್ಸಿನ ಗಾಲಿಯತ್ತ ಬಂದು ಗಾಲಿಯನ್ನು ಮೂಸಿತು, ನಿಂತ ಗಾಲಿಯನ್ನು, ನಾಗರತ್ನಳಿಗೆ ಕಿರುಚಬೇಕೆನಿಸಿತು, ಕಿರುಚಲಿಲ್ಲ, ಲಗೂನ ಬಿಡ್ರಿ ಅಣ್ಣಾರ ಎಂದಳಷ್ಟೆ, ಡ್ರೈವರ್ ಅವಳ ಮುಖ ನೋಡಿ, ಯಾರಿಗರ ಆರಾಮಿಲ್ಲೇನ್ರಿ ಎಂದ. ಆರಾಮದಾಗ ಅದಾರ್ರಿ ಎಂದಳು, ಇನ್ನೂ ಆರಾಮದಾಗ ಅದಾರ.

ಗದಗದ ನಿಲ್ದಾಣದಲ್ಲಿ ಇಳಿದದ್ದು, ಆಟೋದವನ ಜೊತೆ ಮಾತಾಡಿದ್ದು, ಬೆಟಗೇರಿಯ ಓಣಿಗಳಲ್ಲಿ ಮಗ್ಗದ ಸದ್ದು ಹಿಂದೆ ಬಿದ್ದದ್ದು, ಯಾವುದೂ ಸರಿಯಾಗಿ ನೆನಪಿಲ್ಲ, ನೆನಪಿರುವುದು ಕಾರ್ಖಾನೆಯ ಮುಂದೆ ನಿಂತಿದ್ದ ಎರಡು ಬಿಳಿ ಕಾರು, ಗೇಟಿಗೆ ಕಟ್ಟಿದ ಮಾವಿನ ತೋರಣ, ಮೆಟ್ಟಿಲ ಮೇಲೆ ಒಡೆದ ತೆಂಗಿನಕಾಯಿಯ ನೀರು ಇನ್ನೂ ಆರಿರಲಿಲ್ಲ. ಒಳಗೆ ಕಾಲಿಟ್ಟರೆ ಅದು ಅವಳು ನಿನ್ನೆ ಬಿಟ್ಟುಹೋದ ಶೆಡ್ಡೇ ಅಲ್ಲ, ಬಂದವರಿಗೆ ಸೆಕೆಯಾಗಬಾರದೆಂದು ಕಿಟಕಿಗಳಿಗೆಲ್ಲ ನೀಲಿ ತಾಡಪಾಲು ಎಳೆದಿದ್ದಾರೆ, ನಾಲ್ಕೂ ಮೂಲೆಗೆ ದೊಡ್ಡ ಕೂಲರುಗಳು ಭೋರೆನ್ನುತ್ತಿವೆ, ಮೇಲೆ ಹೊಸ ದೀಪದ ಪಟ್ಟಿಗಳು, ಹಗಲು ಬೆಳಕನ್ನು ಹೊರಗಟ್ಟಿ ಆ ಬೆಳ್ಳನೆ ಬೆಳಕೊಂದೇ ಎಲ್ಲರ ಮುಖದ ಮೇಲೆ, ಯಂತ್ರ ಓಡುತ್ತಿದೆ. ಪೂರ್ಣ ವೇಗದಲ್ಲಿ. ಜೋಕಾಲಿ ಅಲುಗುತ್ತಿಲ್ಲ, ಗೆರೆ ಎಳೆದಂತೆ ನಿಂತಿದೆ, ಇಷ್ಟು ಚೆಂದ ಅದು ಎಂದೂ ನಿಂತಿರಲಿಲ್ಲ, ಟೇಪು ಹಾಯುವುದೇ ಕಾಣುವುದಿಲ್ಲ, ಗಾಳಿಯಲ್ಲಿ ಒಂದು ಹೊಳಪು ಬಿಗಿದು ಕೂತಂತಿದೆ, ಪರದೆಯ ಮೇಲೆ ಅಂಕಿ ಸರಿಯಾಗಿದೆ, ಅವಳ ಎದೆಯಲ್ಲಿ ಗಕ್ಕನೆ ಒಂದು ಹೆಮ್ಮೆ, ಈ ಹೊತ್ತಿನಲ್ಲೂ ಹೆಮ್ಮೆ, ಆಮೇಲೆ ನಾಚಿಕೆ. ತಸ್ಲೀಮ ಫಲಕದ ಹತ್ತಿರ, ಕಿವಿಗೆ ಸದ್ದು ತಡೆಯುವ ಬಟ್ಟಲು, ಎರಡೂ ಕೈ ಇವೆ, ಹತ್ತೂ ಬೆರಳು, ಮೆಹಂದಿ. ಸಿದ್ದರಾಮಣ್ಣ ಬಿಳಿ ಅಂಗಿ ತೊಟ್ಟಿದ್ದಾನೆ, ಹಣೆಗೆ ವಿಭೂತಿ, ಮೂವರು ಖರೀದಿದಾರರ ಮುಂದೆ ನಿಂತು ಕೂಲರುಗಳ ಸದ್ದಿಗೆ ಮೇಲಾಗಿ ಏನೋ ಹೇಳುತ್ತಿದ್ದಾನೆ, ಅವಳು ಅವನತ್ತ ನಡೆದಳು, ಓಡಲಿಲ್ಲ, ನಡೆದಳು, ಬಂದವರ ಮುಂದೆ ಓಡಿಬಂದರೆ ಏನು ತಿಳಿದಾರು ಎಂದು, ಅಣ್ಣಾರ ಒಂದ ನಿಮಿಷ ಎಂದಳು, ಅವನು ಕಣ್ಣಿನಲ್ಲಿ ನಕ್ಕ, ಬಲಗೈ ಎತ್ತಿ ಅಂಗೈ ತೋರಿಸಿದ, ನಿಂದ್ರು ತಂಗಿ, ಮಾತು ಮುಗೀಲಿ. ಯಂತ್ರವನ್ನು ತಟ್ಟನೆ ನಿಲ್ಲಿಸುವ ಕೆಂಪು ಗುಂಡಿ ಅವಳ ಎಡಗೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಒತ್ತಿದರೆ ತಡೆ ಬೀಳುತ್ತಿತ್ತು, ಟೇಪು ಹರಿದು ರೋಲು ಹಾಳಾಗುತ್ತಿತ್ತು, ಬಂದವರು ಬೆಚ್ಚಿಬೀಳುತ್ತಿದ್ದರು, ಅಷ್ಟೇ. ಅವಳು ಆ ಅಂಗೈ ನೋಡಿದಳು. ನಿಂತಳು.

ಎಷ್ಟು ಹೊತ್ತು ನಿಂತಳು, ಹೆಚ್ಚಿಲ್ಲ, ಖರೀದಿದಾರರಲ್ಲಿ ಹಿರಿಯ ಒಬ್ಬಾತ ಕರ್ಚೀಫಿನಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಳ್ಳುವಷ್ಟು, ಅಷ್ಟರೊಳಗೆ ಒಂದು ಸದ್ದು ಇಲ್ಲವಾಯಿತು — ಸದ್ದು ಬರುವುದು ಗೊತ್ತಾಗುತ್ತದೆ, ಹೋಗುವುದು ತಡವಾಗಿ ಗೊತ್ತಾಗುತ್ತದೆ, ಮೋಟರಿನ ಗುಂಯ್ ಎಂಬ ನಾದ ಕೂಲರುಗಳ ಭೋರಿನೊಳಗಿಂದ ಜಾರಿಹೋಯಿತು, ಹಸಿರು ದೀಪ ಹತ್ತಿತು, ಕಟಕ್, ಪರದೆಯ ಮೇಲೆ ಸೊನ್ನೆ. ತಸ್ಲೀಮ ಹುಬ್ಬು ಗಂಟಿಕ್ಕಿ ರೋಲನ್ನೂ ಪರದೆಯನ್ನೂ ಒಂದಾದ ಮೇಲೊಂದು ನೋಡಿದಳು, ರೋಲಿನ್ನೂ ಅರ್ಧವೂ ತುಂಬಿರಲಿಲ್ಲ, ಅವಳ ಕೈ ಈ ಸಲ ಬಾಗಿಲಿಗೆ ಹೋಗಲಿಲ್ಲ, ಇಡೀ ದಾರಿ ನಾಗರತ್ನಾ ಹೆದರಿ ಬಂದದ್ದು ಆ ಕೈಗೆ, ಆ ಕೈ ಸೊಂಟದ ಮೇಲೆಯೇ ಇತ್ತು, ಸಿದ್ದರಾಮಣ್ಣ ಮಾತ್ರ ಹೊಳ್ಳಿ ನಕ್ಕ, ಆತು ನೋಡ್ರಿ, ಹೆಂಗ್ ಸುತ್ತೈತಿ ಒಂದ್ ತುಂಡ್ ಹರದ ತೋರಸ್ತೀನಿ, ಕೈಯಾಗ ಹಿಡದ ನೋಡ್ರಿ — ಬಾಗಿಲು ಸರಿಸಿದ. ರೋಲು ನಿಂತಿತ್ತು. ಅವಳೂ ನೋಡಿದಳು, ನಿಂತಿತ್ತು, ರೋಲಿನ ತುದಿಯ ಬಿಲ್ಲೆಯ ಮೇಲೆ ಹೋದ ವಾರ ತಾನೇ ಕೆಂಪು ಬಣ್ಣದಿಂದ ದೊಡ್ಡದಾಗಿ ಒಂದು ಕೂಡುವ ಗುರುತು ಬರೆದಿದ್ದಳು, ತಿರುಗುತ್ತಿದೆಯೋ ನಿಂತಿದೆಯೋ ಯಾರಿಗಾದರೂ ಕಣ್ಣಿಗೆ ಕಾಣಲಿ ಎಂದು, ತಿರುಗುವಾಗ ಅದು ಕಲಸಿಹೋಗಿ ಕೆಂಪು ಮಬ್ಬಾಗುತ್ತಿತ್ತು, ಈಗ ಮಬ್ಬಿಲ್ಲ, ನಾಲ್ಕೂ ತೋಳು ಸ್ಪಷ್ಟ, ಗೋಡೆಯ ಮೇಲೆ ಬರೆದಷ್ಟು ಸ್ಪಷ್ಟ, ತೋಳುಗಳ ಅಂಚೂ ಕಾಣುತ್ತಿದೆ, ಅವಳ ಮೈ ಸಡಿಲಾಯಿತು, ಸದ್ಯ, ನಿಂತಿದೆ, ದೇವರು ದೊಡ್ಡವನು, ತಾನೇ ಹುಚ್ಚಿಯಂತೆ — ಆಮೇಲೆ ಕೆಂಪು ಗುರುತು ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿತು. ಹಿಂದಕ್ಕೆ. ಯಾವ ರೋಲೂ ಹಿಂದಕ್ಕೆ ತಿರುಗುವುದಿಲ್ಲ, ಹೊಸ ದೀಪಗಳು, ಕಣ್ಣಿಗೆ ಕಾಣದಷ್ಟು ಬೇಗ ಮಿಣುಕುವ ದೀಪಗಳು, ಮಿಣುಕಿಗೆ ಒಮ್ಮೆ ಗುರುತಿನ ಒಂದು ತೋಳು ಇನ್ನೊಂದರ ಜಾಗಕ್ಕೆ ಸರಿಯಾಗಿ ಬಂದು ನಿಂತರೆ ಜೋರಾಗಿ ತಿರುಗುವ ರೋಲೂ ಕಣ್ಣಿಗೆ ನಿಂತಂತೆಯೇ ಕಾಣುತ್ತದೆ, ಕಾಲೇಜಿನಲ್ಲಿ ಓದಿದ್ದು, ಪರೀಕ್ಷೆಯಲ್ಲಿ ಬರೆದಿದ್ದಳು, ಬೀಸಣಿಗೆಯ ಚಿತ್ರ ಸಮೇತ. ಅಣ್ಣಾರ ಎಂದು ಕೂಗಿದಳು. ಕೂಲರುಗಳು ಆ ಕೂಗನ್ನು ನುಂಗಿದವು. ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು, ಏನೂ ಆಗಲಿಲ್ಲ, ಆಗುವುದಾದರೂ ಹೇಗೆ, ಯಂತ್ರದ ಲೆಕ್ಕದಲ್ಲಿ ಅದು ಆಗಲೇ ನಿಂತಿದೆ, ನಿಂತದ್ದಕ್ಕೆ ತಡೆ ಹಾಕಬೇಡ ಎಂದು ಬರೆದವಳೂ ತಾನೇ, ಮೂರೇ ಹೆಜ್ಜೆ ಅಂತರ, ಬಿಳಿ ಅಂಗಿಯ ಬೆನ್ನನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ಬಿದ್ದಳು, ತನ್ನ ಇಡೀ ಭಾರ ಹಾಕಿ, ಬಾವಿಯಿಂದ ತುಂಬಿದ ಕೊಡ ಜಗ್ಗಿದಂತೆ.

ಸಿದ್ದರಾಮಣ್ಣ ಅವಳ ಮೇಲೆಯೇ ಬಿದ್ದ. ಕೂಗಲಿಲ್ಲ. ಏನಾತು, ಏನಾತವ್ವಾ ಎಂದು ಮೆಲ್ಲಗೆ ಕೇಳಿದ, ಯಾರದೋ ವಿಷಯ ವಿಚಾರಿಸುವವನಂತೆ, ಬಲಗೈಯನ್ನು ಎಡಗೈಯಲ್ಲಿ ಹಿಡಿದು ನೋಡಿಕೊಂಡ, ತೋರುಬೆರಳು ನಡುಬೆರಳುಗಳ ತುದಿ ಇರಲಿಲ್ಲ, ರಕ್ತ ಮೊದಲು ಬರಲಿಲ್ಲ, ಆಮೇಲೆ ಬಂತು, ವಿಭೂತಿಯ ಕೆಳಗೆ ಹಣೆ ಬೆವರಿತು, ಖರೀದಿದಾರರಲ್ಲಿ ಹಿರಿಯವನು ಕನ್ನಡಕ ಒರೆಸಿದ ಕರ್ಚೀಫನ್ನೇ ಸುತ್ತಿದ, ಅವರದೇ ಕಾರಿನಲ್ಲಿ ದವಾಖಾನೆಗೆ ಒಯ್ದರು, ತಸ್ಲೀಮ ಕಿವಿಯ ಬಟ್ಟಲು ಕಿತ್ತೆಸೆದು, ಐಸ್ ತರ್ರಿ ಐಸ್ ತರ್ರಿ ಎನ್ನುತ್ತ ಅವರ ಹಿಂದೆ ಓಡಿದಳು, ಬೆರಳಿನ ತುದಿ ಹುಡುಕಬೇಕು ಅಂತ ಯಾರೋ ಅಂದರು, ಹುಡುಕುವುದೆಲ್ಲಿ, ಅವು ಟೇಪಿನ ಜೊತೆಗೆ ಒಳಗೆ ಸುತ್ತಿಕೊಂಡಿದ್ದವು, ಪದರದ ಮೇಲೆ ಪದರ, ಅಷ್ಟು ಚೆಂದ ಸುತ್ತುವ ಯಂತ್ರ. ಶೆಡ್ಡು ಖಾಲಿಯಾಯಿತು. ಅವಳು ಎಲ್ಲಿಗೂ ಹೋಗಲಿಲ್ಲ, ಹೋಗಬಾರದೆಂದಲ್ಲ, ಆಗಲಿಲ್ಲ, ಕೂಲರುಗಳನ್ನು ಒಂದೊಂದಾಗಿ ಆರಿಸಿದಳು, ಆಗ ಕೇಳಿಸಿತು, ಅದಕ್ಕೂ ಸದ್ದು ಇತ್ತು, ಬಹಳ ಸಣ್ಣ ಸದ್ದು, ನಿದ್ದೆಯಲ್ಲಿರುವವರ ಉಸಿರಿನಂತೆ, ರೋಲು ತನ್ನಷ್ಟಕ್ಕೆ ತಾನು ತಿರುಗುತ್ತಿತ್ತು, ಕೆಂಪು ಗುರುತು ಈಗ ಮಬ್ಬಾಗಿತ್ತು, ಮತ್ತೆ ಒಂದು ಗಳಿಗೆ ಸ್ಪಷ್ಟವಾಯಿತು, ನಿಂತಿತು, ಹಿಂದಕ್ಕೆ ಹೊರಟಿತು, ಮತ್ತೆ ಮಬ್ಬು, ಅದು ಖರೆಯಾಗಿ ನಿಲ್ಲುವ ತನಕ ಅವಳು ಗೋಡೆಗೊರಗಿ ನೋಡುತ್ತಿದ್ದಳು, ಯಾವುದು ಖರೆ ನಿಲ್ಲುವುದು ಯಾವುದು ಅಲ್ಲ ಎಂದು ಹೇಳಲು ಕಣ್ಣಿನಿಂದ ಆಗಲಿಲ್ಲ, ಕೊನೆಗೆ ತಾಡಪಾಲು ಸರಿಸಿ ಹಗಲು ಬೆಳಕು ಬಿಟ್ಟಳು. ಆಮೇಲೆ ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಬೆರಳಿನಿಂದ ಮುಟ್ಟಿದಳು, ತಿರುಪು ಸಡಿಲಾಗಿತ್ತು, ದಂಡ ಒಂದು ಕಡೆ ಡಬ್ಬಿ ಒಂದು ಕಡೆ. ಪಕ್ಕದಲ್ಲೇ ಅವಳು ನಿನ್ನೆ ಕಟ್ಟಿದ ವೈರು, ಎಷ್ಟು ನೀಟಾಗಿ ಕಟ್ಟಿದ್ದಾಳೆ, ಗಂಟಿನ ತುದಿಯನ್ನೂ ಸಮನಾಗಿ ಕತ್ತರಿಸಿದ್ದಾಳೆ. ತಿರುಪನ್ನು ಬಿಗಿದಳು. ಲ್ಯಾಪ್‌ಟಾಪು ಬಿಚ್ಚಿ, ತಾನು ತೆಗೆದಿದ್ದ ಕಾಯುವಿಕೆಯನ್ನು ಮತ್ತೆ ಹಾಕಿದಳು, ಕೆಂಪು ಗುಂಡಿ ಒತ್ತಿದರೆ ನಿಂತಿರಲಿ ಓಡುತ್ತಿರಲಿ ತಡೆ ಬೀಳಲಿ ಎಂದು ಬರೆದಳು, ಯಾರೂ ಇಲ್ಲದ ಶೆಡ್ಡಿನಲ್ಲಿ ಒತ್ತಿ ನೋಡಿದಳು, ತಡೆ ಬಿತ್ತು, ಠಪ್ ಎಂಬ ಆ ಸದ್ದಿಗೆ ತಾನೇ ಬೆಚ್ಚಿದಳು.

ಸಂಜೆ ದವಾಖಾನೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು, ತೆಗೆದದ್ದು ನಾನು ಅಣ್ಣಾರ, ನೀವು ಕೇಳಿದಿರಿ, ಆದರೆ ತೆಗೆಯಬಾರದೆಂದು ಗೊತ್ತಿದ್ದವಳು ನಾನು, ಮತ್ತೆ ಇನ್ನೊಂದು, ನೀವು ಕೈ ಎತ್ತಿದಾಗ ನಾನು ನಿಲ್ಲಬಾರದಿತ್ತು — ಮಂಚದ ಮೇಲೆ ಸಿದ್ದರಾಮಣ್ಣ ದಿಂಬಿಗೊರಗಿ ಕೂತಿದ್ದ, ಬಲಗೈ ಬೂದಿಗುಂಬಳದಷ್ಟು ದಪ್ಪ ಬಟ್ಟೆಯೊಳಗೆ, ಹೆಂಡತಿ ಅನ್ನಪೂರ್ಣ ಅವನಿಗೆ ಚಮಚದಿಂದ ಗಂಜಿ ಉಣಿಸುತ್ತಿದ್ದಳು, ನಾಗರತ್ನಳನ್ನು ನೋಡಿ, ಬಾರವ್ವಾ, ನೀ ಜಗ್ಗದಿದ್ದರ ಇಡೀ ಕೈಯ ಹೋಗತಿತ್ತಂತ, ತಸ್ಲೀಮ ಹೇಳಿದಳು ಎಂದು ಕಣ್ಣೊರೆಸಿಕೊಂಡಳು, ಸ್ಟೂಲು ಸರಿಸಿದಳು. ನಾಗರತ್ನಾ ಕೂಡಲಿಲ್ಲ. ಜೋಡಿಸಿಕೊಂಡದ್ದರಲ್ಲಿ ಮೊದಲಿನದನ್ನು ಹೇಳಿದಳು, ತೆಗೆದದ್ದನ್ನು, ಅನ್ನಪೂರ್ಣಳ ಚಮಚ ಬಟ್ಟಲಿನಲ್ಲಿ ನಿಂತಿತು, ಸಿದ್ದರಾಮಣ್ಣ ತಲೆ ಅಲ್ಲಾಡಿಸಿದ, ತಗಿ ಅಂದಾಂವ ನಾನ ಅಲ್ಲೇನು, ಬಿಡು, ಎಂದ, ಬಂದವರು ಮಾಲು ಒಪ್ಪಿಕೊಂಡೇ ಹೋಗಿದ್ದಾರೆ ಎಂದೂ ಹೇಳಿದ, ಇಂಥದರಲ್ಲೂ ಆ ಹಿರಿಯ ಬೆಳಿಗ್ಗೆ ಸುತ್ತಿದ್ದ ರೋಲನ್ನು ಬೆರಳಿನಿಂದ ಬಡಿದು ನೋಡಿದನಂತೆ, ಕಲ್ಲಾಗೇತಿ ಸುತ್ತು ಅಂದನಂತೆ, ಬರುವ ಸೋಮವಾರದಿಂದ ಯಂತ್ರ ಚಾಲೂ ಆಗಬೇಕು. ಎರಡನೆಯದನ್ನು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿದ್ದ, ಹೊರಗೆ ಬೇವಿನ ಮರದಲ್ಲಿ ಗಿಳಿಗಳ ಗಲಾಟೆ, ಅವನ ದನಿ ಇಳಿದುಹೋಗಿತ್ತು, ಅವಳಿಗಲ್ಲ, ಅನ್ನಪೂರ್ಣಳಿಗೂ ಅಲ್ಲ, ಯಾರಿಗೋ ಲೆಕ್ಕ ಒಪ್ಪಿಸುವವನಂತೆ ಹೇಳುತ್ತಿದ್ದ, ನಾ ಅಷ್ಟೇನ್ ಕುರುಡ ಅಲ್ಲವ್ವಾ, ನೋಡೇ ಕೈ ಹಾಕಿದೆ, ನಿಂತಿತ್ತು ಅದು, ನನ್ನ ಕಣ್ಣಾಣಿ, ನಿಂತಿತ್ತು.

ನಿಂತಿತ್ತು, ಹೌದು, ತಾನೂ ನೋಡಿದಳು, ಹೇಗೆ ಇಲ್ಲವೆನ್ನುವುದು, ಸೋಮವಾರ ತಸ್ಲೀಮ ಅದರ ಮುಂದೆ ನಿಲ್ಲುತ್ತಾಳೆ, ತಿರುಪು ಬಿಗಿಯಾಗಿದೆ, ಕಾಯುವಿಕೆ ಇದೆ, ದೀಪ ಬದಲಿಸಲು ಹೇಳುತ್ತಾಳೆ, ಎಲ್ಲ ಸರಿ, ಎಲ್ಲ ಸರಿಯಾಗಿದೆ, ಶಿರಹಟ್ಟಿಗೆ ಬಸ್ಸು ಸಿಗುತ್ತದೆ, ಮನೆಗೆ ಹೋಗಿ ಕೈಕಾಲು ತೊಳೆದು — ಬೆಳ್ಳನೆ ಬೆಳಕು, ಸರಿದ ಬಾಗಿಲು, ಕೆಂಪು ಗುರುತಿನ ನಾಲ್ಕೂ ತೋಳು ಸ್ಪಷ್ಟ — ಒಂದು ಮಾತು ಹೇಳಿ ಹೊರಡಬೇಕು, ಹೋಗಿ ಬರ್ತೀನ್ರಿ ಅನ್ನಬೇಕು, ಅನ್ನಪೂರ್ಣ ಇನ್ನೂ ಅವಳನ್ನೇ ನೋಡುತ್ತಿದ್ದಾಳೆ, ಚಮಚದ ತುದಿಯಿಂದ ಗಂಜಿ ತೊಟ್ಟಿಕ್ಕುತ್ತಿದೆ — ಬಿಳಿ ತೋಳಿನ ಕೈ, ನಿಂದ್ರು ಎಂದು ಎತ್ತಿದ ಕೈ, ಈಗ ಅಂಗೈ ಮಗುಚಿ, ಬೆರಳು ನೀಡಿ, ಒಳಗೆ ಹೋಗುತ್ತಿದೆ, ಮತ್ತು ಕೆಂಪು ಗುರುತು ನಿಂತಿದೆ, ನಿಂತಿದೆ, ಮೆಲ್ಲಗೆ ಹಿಂದಕ್ಕೆ